ಬಾಕಿ ಚಿಲ್ಲರ

ಗಾಂಧಿ ಚೌಕದಾಗ ನಾ ಬಿದ್ದದ್ದು
ಕಲ್ಲು ಎಡವಿ ಅಲ್ಲ, ಗಾಡಿ ಬಡದೂ ಅಲ್ಲ.
‘ಆರಾಮ ಅದೀರೇನ್ರಿ ನದಾಫ್ ಸಾಹೇಬ್ರ?’ ಅಂತ
ಯಾರೋ ಕೇಳಿದ್ರು.
‘ಆರಾಮ’ ಅಂದ್ನಿ.
ಅನ್ನೂದ್ರಾಗ ನೆಲದ ಮ್ಯಾಲಿದ್ನಿ.

ಮೂವತ್ತೊಂದು ವರ್ಷ ಮುದ್ದೇಬಿಹಾಳ ಗಾಡಿಯೊಳಗ
ನಿಂತ ನೆಲ ಅನ್ನೂದ ಇರಲಿಲ್ಲ ನನಗ.
ಮನಗೂಳಿ ದಾಟಿ ತಗ್ಗು ಬಂದ್ರ
ಗಾಡಿ ಎಡಕ್ಕ ವಾಲೂದು, ನಾ ಬಲಕ್ಕ.
ಬೆರಳಸಂದ್ಯಾಗ ಉದ್ದಕ ಮಡಚಿದ ನೋಟು,
ಕಿವಿ ಮ್ಯಾಲ ಪೆನ್ನು, ತುಟಿಯಾಗ ಸೀಟಿ,
‘ಎರಡು ಫುಲ್ಲು ಒಂದು ಹಾಫು ಢವಳಗಿ’ –
ಲೆಕ್ಕ ತನ್ನಷ್ಟಕ್ಕ ತಾ, ಕಾಲು ತಮ್ಮಷ್ಟಕ್ಕ ತಾವು.
ಅವಕ್ಕ ಒಂದಿನಾನೂ ನಾ ಟಿಕೀಟು ಕೇಳಿದವನಲ್ಲ.

ಈಗ ದವಾಖಾನಿ ಹಿಂದಿನ ಹಾಲಿನ್ಯಾಗ
ಫರಸಿ ಮ್ಯಾಲ ಹಳದಿ ಪಟ್ಟಿ ಅಂಟಿಸ್ಯಾಳ
ಭುವನೇಶ್ವರಿ ಹಂಜಗಿ, ನನ್ನ ಮೊಮ್ಮಗಳ ವಾರಿಗಿಯಾಕಿ.
‘ಪಟ್ಟಿ ಮ್ಯಾಲ ನಡೀರಿ ಅಜ್ಜಾರ. ನಡಕೋಂತನ
ನೂರರಾಗ ಏಳು ಕಳೀರಿ. ಮತ್ತ ಏಳು. ಮತ್ತ ಏಳು.’

ತೊಂಬತ್ಮೂರು. ಒಂದು ಹೆಜ್ಜಿ.
ಎಂಬತ್ತಾರು.
ಎಪ್ಪತ್ತ್…
ಕಾಲು ನಿಂತ್ವು.
‘ನಿಂದ್ರಬ್ಯಾಡ್ರಿ! ಲೆಕ್ಕ ತಪ್ಪಿದ್ರ ತಪ್ಪಲಿ.’
ಲೆಕ್ಕ ತಪ್ಪಿದ್ರ ತಪ್ಪಲಿ?
ಕಂಡಕ್ಟರಗ ಹೇಳೂ ಮಾತೇನವ್ವಾ ಇದು,
ರಾತ್ರಿ ಡಿಪೋದಾಗ ಎರಡು ರೂಪಾಯಿ ಕಡಿಮಿ ಬಿದ್ರ
ತನ್ನ ಕಿಸೆದಿಂದ ತುಂಬಿ ಮನಿಗೆ ಹೋದವಗ?

ನನ್ನ ಮುಂದ ತುಳಜಾಬಾಯಿ.
ತುಂಬಿದ ಗ್ಲಾಸು ಹಿಡಕೊಂಡು ನಡಿಯೂಮುಂದ
ಕಾಯಿಪಲ್ಲೆ ಹೆಸರು ಹೇಳಬೇಕು ಅಕಿ.
ಹೀರೀಕಾಯಿ, ಚವಳಿಕಾಯಿ, ಮೆಂತೆ, ರಾಜಗಿರಿ –
ದಿನಾ ಪುಂಡಿಪಲ್ಲೆಕ್ಕ ಬಂದಾಗ ನೀರು ಚೆಲ್ಲತಾಳ.
ಯಾಕಂತ ಯಾರೂ ಕೇಳಿಲ್ಲ.
ಫರಸಿ ಒರಸಾಕ ಒಂದು ಅರಿವಿ ಇಟ್ಟಾರ ಅಷ್ಟ.

ಮೂರನೇ ವಾರ ತಡೀಲಿಲ್ಲ, ಕೇಳೇಬಿಟ್ನಿ:
‘ಈ ನೆಲ ಒಂದೀಟು ಅಳ್ಳಾಡಸಾಕ ಬರ್ತದೇನವ್ವಾ?’
ನಕ್ಕಳು. ಮರುದಿನ ಎಲ್ಲಿಂದಲೋ
ಮೆತ್ತನ್ನ ಸ್ಪಂಜಿನ ಹಾಸಿಗಿ ತಂದು ಹಾಸಿದ್ಲು.
ಕಾಲಿಟ್ನಿ. ಹಾಸಿಗಿ ಎಡಕ್ಕ ಕುಸೀತು,
ಮೊಣಕಾಲು ಗುರುತು ಹಿಡದ್ವು,
ಹಳೇ ರೂಟಿನ ಡ್ರೈವರ ಸಿಕ್ಕಂಗ.
ಹಂಗಂತ ಏಳರ ಲೆಕ್ಕ ಮುಗೀಲಿಲ್ಲ, ಖರೇ ಹೇಳ್ತೇನಿ;
ಐವತ್ತೆಂಟಕ್ಕ ಇನ್ನೂ ಸಿಗಿಬೀಳ್ತೇನಿ.

‘ಗಮನ ಅನ್ನೂದು ವಯಸ್ಸಾದಂಗ ಸಣ್ಣದಾಗ್ತದ್ರಿ,’
ಅಂದ್ಲು, ಚಹಾ ಕೊಡಕೋಂತ.
‘ಎಲ್ಲಾರಿಗೂ ಒಮ್ಮೆಲೆ ಕೊಡಾಕ ಆಗೂದಿಲ್ಲ.
ಮೊದಲ ಕಾಲಿಗೆ ಕೊಡ್ರಿ. ಉಳದವ್ರು ಕಾಯಲಿ.’

ಇದನ್ನ ನನಗ ಯಾರೂ ಕಲಸಬೇಕಿಲ್ಲ.
ಮುಂಜಾನಿ ಮೊದಲನೇ ಟ್ರಿಪ್ಪಿಗೆ ಚೀಲ ಖಾಲಿ,
ಹತ್ತಿದವ್ರ ಕೈಯಾಗೆಲ್ಲ ನೂರರ ನೋಟು.
ಆಗೇನ ಮಾಡ್ತಿದ್ನಿ?
ಟಿಕೀಟಿನ ಬೆನ್ನ ಮ್ಯಾಲ ಬಾಕಿ ಬರದು ಕೊಡ್ತಿದ್ನಿ,
‘ಇಳಿಯೂಮುಂದ ಇಸ್ಕೋರಿ.’

ನಿನ್ನೆ ಸಂಜಿಮುಂದ ಅದ ಚೌಕ.
ಆಟೋ, ಬಾಳೆಹಣ್ಣಿನ ಗಾಡಿ, ಒಂದು ಎಮ್ಮಿ.
ನಡುರಸ್ತೆದಾಗಿದ್ನಿ, ಹಿಂದಿನಿಂದ ದನಿ:
‘ಆರಾಮ ಅದೀರೇನ್ರಿ?’
ಕೈ ಎತ್ತಿದ್ನಿ. ತಿರುಗಲಿಲ್ಲ. ಮಾತಾಡಲಿಲ್ಲ.
ಎಡಗಾಲು. ಬಲಗಾಲು. ಎಮ್ಮಿಗೆ ದಾರಿ.
ಫುಟ್‌ಪಾತಿನ ಅಂಚು. ಹತ್ತಿದ್ನಿ.
ಕಂಬ ಹಿಡಕೊಂಡು ಆಮ್ಯಾಲ ತಿರುಗಿ,
‘ಆರಾಮ್ರೀ!’ ಅಂದ್ನಿ.

ಕೇಳಿದವ್ರು ಹೋಗಿಬಿಟ್ಟಿದ್ರು.
ಢವಳಗ್ಯಾಗ ಒಬ್ಬ ಹೆಣ್ಮಗಳು, ಬಗಲಾಗ ಕೂಸು,
ಮೂವತ್ತೈದು ರೂಪಾಯಿ ಬಾಕಿ ಮರತು ಇಳದಿದ್ಲು.
ಸೀಟಿ ಊದಿದ್ನಿ, ಕೇಳಲಿಲ್ಲ.
ಅದೂ ಇನ್ನೂ ನನ್ನ ಕಡೇನ ಅದ.